ಹೊಟ್ಟೆ ಚಿಕ್ಕದಾಯಿತು, ಇನ್ನು ಕೈಗೆ ಕಲಿಸಬೇಕು

ಶಸ್ತ್ರಚಿಕಿತ್ಸೆಯ ಮರುದಿನ ಬೆಳಿಗ್ಗೆ ದಾದಿ ನನ್ನ ಮುಂದಿಟ್ಟದ್ದು ಔಷಧ ಅಳೆಯುವ ಪುಟ್ಟ ಪ್ಲಾಸ್ಟಿಕ್ ಬಟ್ಟಲು. ಅದರಲ್ಲಿ 30 ಮಿಲಿಲೀಟರ್ ನೀರು. ‘ಕಾಲು ಗಂಟೆಯಲ್ಲಿ ಮುಗಿಸಿ, ಅವಸರ ಬೇಡ’ ಎಂದರು. ತುಟಿ ಒಣಗಿ ಬಿರಿದಿತ್ತು. ಎರಡೇ ಗುಟುಕಿಗೆ ಮುಗಿಸಿಬಿಟ್ಟೆ. ಎದೆಯ ನಡುವೆ ಯಾರೋ ಮುಷ್ಟಿ ಒತ್ತಿ ಹಿಡಿದಂತಾಯಿತು. ಹತ್ತು ನಿಮಿಷ ಮಾತು ಹೊರಡಲಿಲ್ಲ. ವೈದ್ಯರು ಹೊಟ್ಟೆಯನ್ನು ಚಿಕ್ಕದು ಮಾಡಿ ಮುಗಿಸಿದ್ದರು. ನನ್ನ ಕೈಗೆ, ಕಣ್ಣಿಗೆ, ಗಂಟಲಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಚೇತರಿಕೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ. ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ಹಳೆಯ ಅಳತೆಗೆ ಒಗ್ಗಿಹೋದ ಕೈ ಹೊಸ ಅಳತೆ ಕಲಿಯಲು ತಿಂಗಳುಗಳೇ ಬೇಕು. ನಾಲ್ಕು ವರ್ಷಗಳಿಂದ ಈ ಹೊಸ ಹೊಟ್ಟೆಯೊಂದಿಗೆ ಬಾಳುತ್ತಿರುವವಳಾಗಿ, ಈಗಷ್ಟೇ ಮನೆಗೆ ಮರಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ವೈದ್ಯರು ಮತ್ತು ಆಹಾರ ತಜ್ಞರು ಕೊಟ್ಟ ಪಟ್ಟಿ ಇದಕ್ಕಿಂತ ಬೇರೆಯಾಗಿದ್ದರೆ ಅವರದ್ದನ್ನೇ ಅನುಸರಿಸಿ.

ಮೊದಲು ಒಳಗೆ ಏನಾಗಿದೆ ಎಂದು ತಿಳಿಯಿರಿ

ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಸುಮಾರು ಶೇ 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ತೆಗೆದುಹಾಕಿದ ಭಾಗದಲ್ಲಿ. ಮೊದಲ ತಿಂಗಳುಗಳಲ್ಲಿ ಹಸಿವೇ ಮರೆತುಹೋದಂತೆ ಅನಿಸುವುದಕ್ಕೆ ಅದೂ ಒಂದು ಕಾರಣ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಆಹಾರವು ಜಠರದ ಉಳಿದ ಭಾಗವನ್ನೂ ಸಣ್ಣ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರಲ್ಪಡುವುದು ಆ ತಪ್ಪಿದ ದಾರಿಯಲ್ಲೇ. ನಿಮಗೆ ಯಾವುದು ಆಗಿದೆ ಎನ್ನುವುದು ಮನೆಯವರಿಗೂ ತಿಳಿದಿರಲಿ. ಮುಂದೆ ಬೇರಾವುದೋ ಕಾಯಿಲೆಗೆ ಬೇರಾವುದೋ ವೈದ್ಯರ ಬಳಿ ಹೋದಾಗ ಅದು ಕೆಲಸಕ್ಕೆ ಬರುತ್ತದೆ.

ಮೊದಲ ವಾರ: ನಡೆಯಿರಿ, ಗಮನವಿಡಿ

ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸುಲಭದ ದಾರಿ ನಡಿಗೆ. ಒಮ್ಮೆಗೆ ಅರ್ಧ ಗಂಟೆ ನಡೆಯಬೇಕಿಲ್ಲ. ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಎದ್ದು ಮನೆಯೊಳಗೆ ನಾಲ್ಕು ಸುತ್ತು ಹಾಕಿದರೆ ಸಾಕು. ಕೆಮ್ಮುವಾಗ, ಹಾಸಿಗೆಯಿಂದ ಏಳುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಿ. ನೋವು ಬಹಳ ಕಡಿಮೆಯಾಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಗೆ ತುಂಬಿದ ಅನಿಲದಿಂದ ಭುಜ ನೋಯುವುದು ಸಾಮಾನ್ಯ, ಕೆಲವು ದಿನಗಳಲ್ಲಿ ಹೋಗುತ್ತದೆ.

ಆದರೆ ಕೆಲವು ಲಕ್ಷಣಗಳಿಗೆ ನಾಳೆ ನೋಡೋಣ ಎನ್ನಬಾರದು. ವಿಶ್ರಾಂತಿಯಲ್ಲಿದ್ದರೂ ನಾಡಿ ನಿಮಿಷಕ್ಕೆ 120ರ ಮೇಲೆಯೇ ನಿಂತಿದ್ದರೆ, ಜ್ವರ ಬಂದರೆ, ಹೊಟ್ಟೆನೋವು ಏರುತ್ತಲೇ ಹೋದರೆ, ಉಸಿರಾಡಲು ಕಷ್ಟವಾದರೆ, ಒಂದು ಕಾಲು ಮಾತ್ರ ಊದಿಕೊಂಡರೆ, ನೀರೂ ಒಳಗೆ ನಿಲ್ಲದಿದ್ದರೆ, ಮಲ ಡಾಂಬರಿನಂತೆ ಕಪ್ಪಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಹೊಲಿಗೆಯ ಜಾಗದಲ್ಲಿ ಸೋರಿಕೆಯಾದಾಗ ಮೊದಲು ಸುಳಿವು ಕೊಡುವುದು ಹಲವು ಬಾರಿ ನೋವಲ್ಲ, ನಾಡಿಬಡಿತ. ಹೀಗಾಗಿ ಮೊದಲ ಎರಡು ವಾರ ದಿನಕ್ಕೆ ಎರಡು ಸಲ ನಾಡಿ ಎಣಿಸಿ ಬರೆದಿಡುವುದು ಒಳ್ಳೆಯದು.

ನೀರು ಕುಡಿಯುವುದೇ ಮೊದಲ ಪಾಠ

ಮನೆಗೆ ಹೋದವರು ಮತ್ತೆ ಆಸ್ಪತ್ರೆಗೆ ಮರಳುವ ದೊಡ್ಡ ಕಾರಣಗಳಲ್ಲಿ ಒಂದು ನಿರ್ಜಲೀಕರಣ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ ಬೇಕು, ಆದರೆ ಹೊಟ್ಟೆ ಒಮ್ಮೆಗೆ ಒಪ್ಪುವುದು ಒಂದೆರಡು ಗುಟುಕು ಮಾತ್ರ. ಇಲ್ಲಿ ಲೋಟ ಕೆಲಸಕ್ಕೆ ಬರುವುದಿಲ್ಲ. ಗುರುತು ಹಾಕಿದ ಬಾಟಲಿ ಸದಾ ಕೈಯಳತೆಯಲ್ಲಿರಲಿ. ಕೆಲವು ನಿಮಿಷಗಳಿಗೊಮ್ಮೆ ಒಂದು ಗುಟುಕು, ಬಾಯಾರಲಿ ಬಾಯಾರದಿರಲಿ. ತಣ್ಣನೆಯ ನೀರು ಹಿಡಿಸದಿದ್ದರೆ ಉಗುರುಬೆಚ್ಚಗೆ ಮಾಡಿ ನೋಡಿ. ನನಗೆ ಮೊದಲ ತಿಂಗಳು ಬೆಚ್ಚಗಿನ ನೀರು ಮಾತ್ರ ಇಳಿಯುತ್ತಿತ್ತು. ಮೂತ್ರ ಗಾಢ ಹಳದಿಯಾಗಿದ್ದರೆ, ಎದ್ದು ನಿಂತಾಗ ತಲೆ ಸುತ್ತಿದರೆ ನೀರು ಸಾಲುತ್ತಿಲ್ಲ ಎಂದೇ ಅರ್ಥ. ಗುಳ್ಳೆ ಏಳುವ ಪಾನೀಯಗಳು ಬೇಡ.

ದ್ರವದಿಂದ ಗಟ್ಟಿ ಆಹಾರಕ್ಕೆ

ಮೊದಲ ಒಂದೆರಡು ದಿನ ತಿಳಿ ದ್ರವ. ನಂತರ ಸುಮಾರು ಎರಡು ವಾರ ಪ್ರೋಟೀನ್ ಇರುವ ಗಟ್ಟಿ ದ್ರವ. ಆಮೇಲೆ ಮಗುವಿಗೆ ಕೊಡುವಂತೆ ನುಣ್ಣಗೆ ಅರೆದದ್ದು, ಬಳಿಕ ಬೆರಳಲ್ಲಿ ಹಿಸುಕಿದರೆ ಮುರಿಯುವಷ್ಟು ಮೆತ್ತನೆಯದು. ಆರರಿಂದ ಎಂಟು ವಾರಗಳ ಹೊತ್ತಿಗೆ ಸಾಮಾನ್ಯ ಊಟ, ಅದೂ ಚಿಕ್ಕ ಪ್ರಮಾಣದಲ್ಲಿ. ಹೊಲಿಗೆಯ ಸಾಲು ಒಳಗೆ ಇನ್ನೂ ಹಸಿಯಾಗಿರುವುದರಿಂದ ಹಂತ ಹಾರಿ ಮುಂದೆ ಹೋಗುವುದು ಅಪಾಯ. ಚೆನ್ನಾಗಿಯೇ ಇದ್ದೇನೆ ಎಂಬ ಉತ್ಸಾಹದಲ್ಲಿ ಎರಡನೇ ವಾರಕ್ಕೇ ಗಟ್ಟಿ ತುತ್ತು ಬಾಯಿಗಿಟ್ಟು ನರಳಿದವರನ್ನು ನಾನು ನೋಡಿದ್ದೇನೆ.

ತಟ್ಟೆಯಲ್ಲಿ ಮೊದಲು ಕೈ ಹೋಗಬೇಕಾದದ್ದು ಪ್ರೋಟೀನ್‌ನ ಕಡೆಗೆ: ಮೊಟ್ಟೆ, ಮೊಸರು, ಮೆತ್ತಗೆ ಬೇಯಿಸಿದ ಬೇಳೆ, ಮೀನು. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು ಎನ್ನುತ್ತಾರೆ ಆಹಾರ ತಜ್ಞರು. ಸಾಲದಿದ್ದರೆ ದೇಹವು ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕರಗಿಸುತ್ತದೆ. ತರಕಾರಿ ಆಮೇಲೆ, ಅನ್ನ ಅಥವಾ ಬ್ರೆಡ್ ಕೊನೆಯಲ್ಲಿ. ಬ್ರೆಡ್, ಅಂಟಂಟಾದ ಅನ್ನ, ಒಣ ಮಾಂಸ ಗಂಟಲ ಕೆಳಗೆ ಸಿಕ್ಕಿಕೊಳ್ಳುವುದು ಹೆಚ್ಚು.

ಇನ್ನು ತಿನ್ನುವ ಬಗೆ. ಚಿಕ್ಕ ಚಮಚ, ಚಿಕ್ಕ ತಟ್ಟೆ. ತುತ್ತು ಬಾಯಿಗಿಟ್ಟ ಕೂಡಲೇ ಚಮಚವನ್ನು ತಟ್ಟೆಯಲ್ಲಿ ಇಟ್ಟುಬಿಡಿ, ನುಂಗಿದ ಮೇಲೆಯೇ ಮತ್ತೆ ಎತ್ತಿಕೊಳ್ಳಿ. ನೋಡಲು ಇದು ಸಣ್ಣ ಸಂಗತಿ, ಆದರೆ ನನ್ನ ಕೈಯನ್ನು ಪಳಗಿಸಿದ್ದು ಇದೇ. ಊಟದ ಜೊತೆಗೆ ನೀರು ಕುಡಿಯಬೇಡಿ. ಉಂಡ ಮೇಲೆ ಅರ್ಧ ಗಂಟೆ ಕಾಯಿರಿ. ಹೊಟ್ಟೆ ತುಂಬಿತು ಎನ್ನುವ ಸೂಚನೆ ಹಳೆಯ ರೀತಿಯಲ್ಲಿ ಬರುವುದಿಲ್ಲ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಐದನೇ ವಾರ ಮೆತ್ತಗೆ ಬೇಯಿಸಿದ ಒಂದು ಮೊಟ್ಟೆ ತಿನ್ನುತ್ತಿದ್ದೆ. ಮುಕ್ಕಾಲು ಮುಗಿದಿತ್ತು. ‘ಅಮ್ಮಾ, ನಿನ್ನ ಮೂಗು ಸೋರುತ್ತಿದೆ’ ಎಂದಳು ಮಗಳು. ಒರೆಸಿಕೊಂಡು ಇನ್ನೊಂದು ತುತ್ತು ತಿಂದೆ. ಮರುಕ್ಷಣ ಬಾಯಿ ತುಂಬ ನೀರೂರಿ, ತಿಂದದ್ದೆಲ್ಲ ಹೊರಬಂತು. ಮೂಗು ಸೋರುವುದು, ಬಿಕ್ಕಳಿಕೆ, ಸೀನು, ಎದೆಯ ಕೆಳಗೆ ಒತ್ತಡ: ಇವುಗಳಲ್ಲಿ ಒಂದು ನಿಮ್ಮ ಸೂಚನೆಯಾಗಿರಬಹುದು. ಅದನ್ನು ಗುರುತಿಸಿಟ್ಟುಕೊಳ್ಳಿ. ಅಂದಿನಿಂದ ನಮ್ಮ ಮನೆಯಲ್ಲಿ ‘ಮೂಗು’ ಎಂದು ಮಗಳು ಒಂದು ಮಾತು ಹೇಳಿದರೆ ನನ್ನ ಊಟ ಮುಗಿದಂತೆ.

ಸಿಹಿ ಕೊಡುವ ಏಟು

ವಿಶೇಷವಾಗಿ ಬೈಪಾಸ್ ಆದವರಲ್ಲಿ ಸಕ್ಕರೆ ಹೆಚ್ಚಿರುವ ಆಹಾರ ಒಮ್ಮೆಲೇ ಕರುಳಿಗೆ ಸುರಿದುಬಿಡುತ್ತದೆ. ಕರುಳು ನೀರನ್ನು ಸೆಳೆದುಕೊಳ್ಳುತ್ತದೆ. ತಿಂದ ಅರ್ಧ ಗಂಟೆಯೊಳಗೆ ಹೊಟ್ಟೆ ನುಲಿತ, ಎದೆ ಢವಢವ, ಬೆವರು, ಭೇದಿ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಇನ್ನೊಂದು ಬಗೆಯದು ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ: ಇನ್ಸುಲಿನ್ ಹೆಚ್ಚಾಗಿ ಉಕ್ಕಿ ರಕ್ತದ ಸಕ್ಕರೆ ಕುಸಿದು ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಮೊದಲನೆಯದು ಬಂದರೆ ಮಲಗಿ ಸುಧಾರಿಸಿಕೊಳ್ಳಿ. ಎರಡನೆಯದು ಪದೇ ಪದೇ ಆದರೆ ವೈದ್ಯರಿಗೆ ತಿಳಿಸಲೇಬೇಕು.

ಮಾತ್ರೆಗಳಿಗೆ ಬಿಡುವಿಲ್ಲ

ಇಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ತೂಕ ಇಳಿದು, ಮುಖ ಕಳೆಕಟ್ಟಿ, ಎಲ್ಲರೂ ಮೆಚ್ಚತೊಡಗಿದ ಎರಡನೇ ವರ್ಷದಲ್ಲಿ ವಿಟಮಿನ್ ಮಾತ್ರೆ ನಿಲ್ಲಿಸುವವರು ತಮ್ಮ ನರ, ಮೂಳೆ, ರಕ್ತಕ್ಕೆ ತಾವೇ ಹಾನಿ ಮಾಡಿಕೊಳ್ಳುತ್ತಾರೆ. ಮಲ್ಟಿವಿಟಮಿನ್, ಕ್ಯಾಲ್ಸಿಯಂ, ವಿಟಮಿನ್ ಡಿ, ಕಬ್ಬಿಣ, ಬಿ12 ಜೀವನಪೂರ್ತಿ ಬೇಕು. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ. ದೇಹ ಒಮ್ಮೆಗೆ 500-600ಕ್ಕಿಂತ ಹೆಚ್ಚು ಹೀರಿಕೊಳ್ಳದ ಕಾರಣ ಎರಡು ಮೂರು ಸಲಕ್ಕೆ ಹಂಚಿ ತೆಗೆದುಕೊಳ್ಳಬೇಕು. ಸಿಟ್ರೇಟ್ ರೂಪದ್ದು ಜಠರದ ಆಮ್ಲ ಕಡಿಮೆಯಿದ್ದರೂ ಹೀರಲ್ಪಡುತ್ತದೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡರೆ ಒಂದು ತಿಂಗಳಲ್ಲಿ ರೂಢಿಯಾಗುತ್ತದೆ.

ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಬಿ1, ಅಂದರೆ ಥಯಾಮಿನ್, ಬೇಗನೆ ಬರಿದಾಗುತ್ತದೆ. ನಡಿಗೆ ತಪ್ಪುವುದು, ಎರಡೆರಡಾಗಿ ಕಾಣುವುದು, ಗೊಂದಲ ಇವೆಲ್ಲ ಮಿದುಳಿಗೆ ಪೆಟ್ಟು ಬೀಳುತ್ತಿರುವ ಗುರುತು. ಇದು ತುರ್ತು ಸ್ಥಿತಿ.

ಹಳೆಯ ಔಷಧಗಳ ವಿಚಾರವೂ ಇದೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಮಾತ್ರೆಯ ಪ್ರಮಾಣ ಬೇಗನೆ ಇಳಿಸಬೇಕಾಗಬಹುದು; ಹಳೆಯ ಪ್ರಮಾಣವನ್ನೇ ನುಂಗುತ್ತಿದ್ದರೆ ಸಕ್ಕರೆ ಅಥವಾ ಒತ್ತಡ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಅಳೆದು ಬರೆದಿಟ್ಟು ವೈದ್ಯರಿಗೆ ತೋರಿಸಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಬೈಪಾಸ್ ಆದವರಲ್ಲಿ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಧೂಮಪಾನವೂ ಅದನ್ನೇ ಮಾಡುತ್ತದೆ. ತಲೆನೋವು ಎಂದು ಔಷಧದ ಅಂಗಡಿಯಲ್ಲಿ ಕೇಳುವಾಗ ನಿಮಗಾಗಿರುವ ಶಸ್ತ್ರಚಿಕಿತ್ಸೆಯ ಹೆಸರನ್ನೂ ಹೇಳಿ.

ಕೆಲಸಕ್ಕೆ, ದಿನಚರಿಗೆ

ಕುಳಿತು ಮಾಡುವ ಕೆಲಸವಾದರೆ ಎರಡು ಮೂರು ವಾರಗಳಲ್ಲಿ ಹಿಂದಿರುಗಬಹುದು. ಭಾರ ಎತ್ತುವುದನ್ನು ನಾಲ್ಕರಿಂದ ಆರು ವಾರ ಮುಂದೂಡಿ, ಎತ್ತಿಕೊಳ್ಳಲು ಬರುವ ಮಗುವೂ ಅದರಲ್ಲಿ ಸೇರಿತು. ಕುಳಿತುಕೊಂಡು ಮಡಿಲಿಗೆ ಕರೆಯಿರಿ. ಮಂಪರು ತರುವ ನೋವುನಿವಾರಕ ನಿಲ್ಲಿಸಿ, ನೋವಿಲ್ಲದೆ ಬ್ರೇಕ್ ಬಲವಾಗಿ ಒತ್ತಲು ಆಗುವವರೆಗೆ ವಾಹನ ಓಡಿಸಬೇಡಿ.

ಮೊದಲ ತಿಂಗಳ ಕೊನೆಯ ಹೊತ್ತಿಗೆ ತೂಕದ ಮುಳ್ಳು ಒಂದೆರಡು ವಾರ ಅಲುಗಾಡದೆ ನಿಲ್ಲುವುದು ಸಾಮಾನ್ಯ. ಶಸ್ತ್ರಚಿಕಿತ್ಸೆ ಸೋತಿತು ಎಂದು ಅಳುವವರು ಎಷ್ಟೋ ಮಂದಿ. ಅದು ತಾನಾಗಿ ಮುಂದೆ ಸರಿಯುತ್ತದೆ. ವಾರಕ್ಕೊಮ್ಮೆ ಮಾತ್ರ ತೂಕ ನೋಡಿ. ಮೂರರಿಂದ ಆರು ತಿಂಗಳ ನಡುವೆ ಬಾಚಣಿಗೆ ತುಂಬ ಕೂದಲು ಬರುತ್ತದೆ. ಪ್ರೋಟೀನ್, ಕಬ್ಬಿಣ ಸರಿಯಿದ್ದರೆ ಅದೂ ಮತ್ತೆ ಬೆಳೆಯುತ್ತದೆ. ಬೇಗ ತೂಕ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು. ಉಂಡ ಮೇಲೆ ಬಲ ಪಕ್ಕೆಯ ಕೆಳಗೆ ಹಿಂಡುವ ನೋವು ಬಂದರೆ ತಪಾಸಣೆ ಮಾಡಿಸಿ.

ಮಕ್ಕಳು ಬೇಕೆನ್ನುವ ಮಹಿಳೆಯರು 12ರಿಂದ 18 ತಿಂಗಳು ಕಾಯಬೇಕು. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಯನ್ನು ನಂಬುವಂತಿಲ್ಲ. ಬೇರೆ ವಿಧಾನದ ಬಗ್ಗೆ ಮೊದಲೇ ಕೇಳಿ, ಸಂಕೋಚ ಬೇಡ.

ಮನಸ್ಸಿನ ಹಸಿವು

ಬೇಸರವಾದಾಗ ತಿನ್ನುತ್ತಿದ್ದವರಿಗೆ ಆ ಆಸರೆ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಹೊಟ್ಟೆ ತುಂಬಿದೆ, ಬಾಯಿ ಇನ್ನೂ ಏನನ್ನೋ ಹುಡುಕುತ್ತಿದೆ. ಕೆಲವು ರಾತ್ರಿ ನಾನು ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತಿದ್ದುಂಟು. ಆಗ ನೆರವಾದದ್ದು ಸಂಕಲ್ಪವಲ್ಲ, ಆಪ್ತ ಸಮಾಲೋಚಕರ ಜೊತೆಗಿನ ಮಾತು. ಈ ಜಾಗಕ್ಕೆ ಮದ್ಯ ಬಂದು ಕೂರುವ ಅಪಾಯವೂ ಇದೆ. ವಿಶೇಷವಾಗಿ ಬೈಪಾಸ್ ನಂತರ ಮದ್ಯ ರಕ್ತಕ್ಕೆ ಬೇಗ ಏರುತ್ತದೆ, ವ್ಯಸನದ ಸಾಧ್ಯತೆ ಹೆಚ್ಚುತ್ತದೆ. ದೂರವಿರುವುದೇ ಸರಿ.

ಕನ್ನಡಿಯಲ್ಲಿ ಹಳೆಯ ದೇಹವೇ ಬಹಳ ಕಾಲ ಕಾಣುತ್ತದೆ. ಕಿರಿದಾದ ಬಾಗಿಲಲ್ಲಿ ಅಡ್ಡ ತಿರುಗಿ ನುಗ್ಗುವ ಅಭ್ಯಾಸ ನನ್ನನ್ನು ಒಂದು ವರ್ಷ ಬಿಡಲಿಲ್ಲ. ಜೋತುಬಿದ್ದ ಚರ್ಮದ ಮಡಿಕೆಗಳಲ್ಲಿ ಬೆವರು ನಿಂತು ಹುಣ್ಣಾಗದಂತೆ ಸ್ನಾನದ ನಂತರ ಚೆನ್ನಾಗಿ ಒರೆಸಿ ಒಣಗಿಸಿ. ಅದನ್ನು ತೆಗೆಸುವ ಶಸ್ತ್ರಚಿಕಿತ್ಸೆಯ ಮಾತು ತೂಕ ಒಂದು ಮಟ್ಟದಲ್ಲಿ ನಿಂತ ಮೇಲೆ.

‘ಇಷ್ಟೇನಾ ತಿನ್ನುವುದು?’ ಎಂದು ಕೇಳುವವರಿಗೆ ವಿವರಣೆ ಕೊಡಲೇಬೇಕೆಂದಿಲ್ಲ. ‘ಸಾಕಾಯಿತು, ಚೆನ್ನಾಗಿತ್ತು’ ಎಂದರೆ ಸಾಕು.

ತೂಕ ಮತ್ತೆ ಏರಿದರೆ

ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದಲ್ಲಿ ತೂಕ ತೀರ ಕೆಳಗಿನ ಮಟ್ಟ ಮುಟ್ಟುತ್ತದೆ. ನಂತರ ಸ್ವಲ್ಪ ಏರುವುದು ಬಹುತೇಕ ಎಲ್ಲರಿಗೂ ಆಗುವಂಥದ್ದು. ಏರುತ್ತಲೇ ಹೋದರೆ ನಾಚಿಕೆಯಿಂದ ತಪಾಸಣೆಗೆ ಹೋಗುವುದನ್ನೇ ಬಿಡುವವರಿದ್ದಾರೆ. ಹೋಗಲೇಬೇಕಾದ ಹೊತ್ತು ಅದೇ. ಮೊದಲ ವರ್ಷ ಕೆಲವು ಸಲ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಹೇಗೂ ಇರುತ್ತದೆ. ಹೋಗುವ ಮುನ್ನ ಒಂದು ವಾರ ತಿಂದದ್ದು, ಕುಡಿದದ್ದು, ಗಂಟೆ, ಆ ಹೊತ್ತಿನ ಮನಸ್ಥಿತಿ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮೂರನೇ ವರ್ಷ ನಾಲ್ಕು ಕಿಲೋ ಏರಿದಾಗ ನಾನೂ ಹಾಗೆ ಬರೆದು ಒಯ್ದಿದ್ದೆ. ಆಹಾರ ತಜ್ಞೆ ಪುಟಗಳನ್ನು ತಿರುವಿ, ಸಂಜೆ ಐದರಿಂದ ಏಳರ ನಡುವಿನ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಊಟದ ಹೊತ್ತಿನಲ್ಲಿ ಒಂದೂ ತಪ್ಪಿರಲಿಲ್ಲ. ಆ ಎರಡು ಗಂಟೆಯಲ್ಲಿ ಮಾತ್ರ ಬಿಸ್ಕತ್ತು ಎಂಬ ಪದ ಏಳು ದಿನವೂ ಇತ್ತು.