ಎಂಟು ಜಿಬಿ ಲ್ಯಾಪ್‌ಟಾಪೂ ಒಂದು ಖಾಲಿ ಸ್ಲಾಟೂ

ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ಹಾಸನದ ನಮ್ಮಂಥ ಸಣ್ಣ ಅಂಗಡಿಗಳಲ್ಲಿ ಒಂದೇ ಪ್ರಶ್ನೆ: "ಎಂಟು ಜಿಬಿ ಸಾಕಾ, ಹದಿನಾರೇ ಬೇಕಾ?" ಕೇಳುವವರ ಬಜೆಟ್ ಮೂವತ್ತೈದರಿಂದ ನಲವತ್ತೈದು ಸಾವಿರ. ಆ ದುಡ್ಡಿಗೆ ಇಷ್ಟು ವರ್ಷ ಸಿಗುತ್ತಿದ್ದ ಹೊಸ ಲ್ಯಾಪ್‌ಟಾಪ್ ಅಂದರೆ ಬಹುಪಾಲು 8 ಜಿಬಿ ರ‍್ಯಾಮ್ (ತೆರೆದಿಟ್ಟ ಕೆಲಸಗಳು ಕೂರುವ ಮೆಮೊರಿ), 512 ಜಿಬಿ ಎಸ್‌ಎಸ್‌ಡಿ (ಫೈಲುಗಳು ಉಳಿಯುವ ಜಾಗ). ನನ್ನದು ಮಾರಾಟಕ್ಕಿಂತ ರಿಪೇರಿ ಕೆಲಸವೇ ಹೆಚ್ಚು. ಬೇರೆ ಕಡೆ ಕೊಂಡಿದ್ದೂ ಎರಡು ವರ್ಷದ ಮೇಲೆ "ಹ್ಯಾಂಗ್ ಆಗ್ತಿದೆ" ಅಂತ ನನ್ನ ಟೇಬಲ್ಲಿಗೇ ಬರುತ್ತದೆ. ಹಾಗಾಗಿ ನನ್ನ ಉತ್ತರ ಶೋರೂಮಿನವರ ಉತ್ತರದ ಹಾಗಿರುವುದಿಲ್ಲ. ಎಷ್ಟು ಜಿಬಿ ಅನ್ನೋದು ಆಮೇಲೆ, ಬೋರ್ಡಿನ ಮೇಲೆ ಇನ್ನಷ್ಟು ರ‍್ಯಾಮ್ ಹಾಕಲು ಖಾಲಿ ಸ್ಲಾಟ್ ಇದೆಯಾ ಅದನ್ನು ಮೊದಲು ನೋಡೋಣ ಅನ್ನುತ್ತೇನೆ.

8 ಜಿಬಿ ಎಲ್ಲಿ ಹೋಗುತ್ತದೆ ಅಂತ ತೋರಿಸುವುದು ಸುಲಭ. ಹೊಸ ಮೆಷಿನ್ ಆನ್ ಮಾಡಿ, ಬೇರೇನನ್ನೂ ತೆರೆಯದೆ ಟಾಸ್ಕ್ ಮ್ಯಾನೇಜರ್ (ಮೆಮೊರಿ ಎಷ್ಟು ಖರ್ಚಾಗಿದೆ ಅಂತ ತೋರಿಸುವ ವಿಂಡೋಸ್‌ನದೇ ಪರದೆ) ನೋಡಿ. ವಿಂಡೋಸ್ 11, ಕಂಪನಿಯವರು ತುಂಬಿ ಕಳಿಸಿದ ಟ್ರಯಲ್ ಆಂಟಿವೈರಸ್, ಅವರದೇ ಅಪ್‌ಡೇಟ್ ಸಾಫ್ಟ್‌ವೇರ್‌ಗಳು ಸೇರಿ ನಾಲ್ಕು ಜಿಬಿ ಆಸುಪಾಸು ಆಗಲೇ ಖರ್ಚಾಗಿರುತ್ತದೆ. ಈ ದರದ ಲ್ಯಾಪ್‌ಟಾಪ್‌ಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ಸ್ಕ್ರೀನಿಗೆ ಬೇಕಾದ ಮೆಮೊರಿಯೂ ಇದೇ ರ‍್ಯಾಮ್‌ನಿಂದ ಹೋಗಬೇಕು. ಎಎಂಡಿಯ ರೈಜನ್ ಪ್ರೊಸೆಸರ್ ಇರುವ ಕೆಲವು ಮಾಡೆಲ್‌ಗಳು ಅದಕ್ಕೆಂದೇ 2 ಜಿಬಿ ಎತ್ತಿಟ್ಟುಕೊಂಡುಬಿಡುತ್ತವೆ. "ಎಂಟು ಅಂತ ಹೇಳಿ ಕೊಟ್ರಿ, ಇಲ್ಲಿ ಐದು ಚಿಲ್ಲರೆ ತೋರಿಸ್ತಿದೆ" ಎಂದು ಜಗಳಕ್ಕೆ ಬಂದವರೂ ಇದ್ದಾರೆ. ಚಿಪ್ಪು ಎಂಟರದ್ದೇ, ಕೈಗೆ ಸಿಗುವುದು ಅಷ್ಟು. ಅದನ್ನು ಡಬ್ಬಿಯ ಮೇಲೆ ಬರೆಯುವ ಧಾರಾಳತನ ಯಾವ ಕಂಪನಿಗೂ ಇಲ್ಲ.

ಮೈಕ್ರೋಸಾಫ್ಟ್ 2021ರಲ್ಲಿ ವಿಂಡೋಸ್ 11 ಬಿಟ್ಟಾಗ ಕನಿಷ್ಠ 4 ಜಿಬಿ ಸಾಕು ಅಂದಿತ್ತು. ಅಷ್ಟರಲ್ಲಿ ವಿಂಡೋಸ್ ಆನ್ ಆಗುತ್ತದೆ, ಕೆಲಸ ಆಗುತ್ತದೆ ಅಂತ ಅರ್ಥವಲ್ಲ. ಅದೇ ಮೈಕ್ರೋಸಾಫ್ಟ್ 2024ರಲ್ಲಿ ಎಐ ಲ್ಯಾಪ್‌ಟಾಪ್‌ಗಳಿಗೆ ಕೋಪೈಲಟ್ ಪ್ಲಸ್ ಎಂಬ ಹೆಸರು ಅಂಟಿಸಲು 16 ಜಿಬಿ ಇರಲೇಬೇಕು ಅಂತ ಷರತ್ತು ಹಾಕಿತು.

ನುಡಿಯಲ್ಲಿ ಟೈಪಿಂಗ್, ಟ್ಯಾಲಿ, ಯೂಟ್ಯೂಬ್, ಆನ್‌ಲೈನ್ ಅರ್ಜಿ ಇಷ್ಟೇ ಆದರೆ 8 ಜಿಬಿ ಧಾರಾಳ. ಬಿಕಾಂ ಹುಡುಗರಿಗೆ ಹದಿನಾರು ಮಾರುವುದು ನನಗೆ ಲಾಭ, ಅವರಿಗೆ ದಂಡ. ಕಂಪ್ಯೂಟರ್ ಸೈನ್ಸ್‌ನವರ ಕಥೆ ಬೇರೆ. ಆಂಡ್ರಾಯ್ಡ್ ಸ್ಟುಡಿಯೋ ತೆರೆದು, ಎಮ್ಯುಲೇಟರ್ (ಲ್ಯಾಪ್‌ಟಾಪ್ ಒಳಗೇ ಓಡುವ ನಕಲಿ ಫೋನ್) ಓಡಿಸಿ, ಪಕ್ಕದಲ್ಲಿ ಕ್ರೋಮ್‌ನಲ್ಲಿ ಹತ್ತು ಟ್ಯಾಬ್ ಇಟ್ಟುಕೊಂಡರೆ 8 ಜಿಬಿ ಮೆಷಿನ್ ಅಲ್ಲೇ ಕೂತುಬಿಡುತ್ತದೆ. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಆಟೋಕ್ಯಾಡ್ ತೆರೆಯುವುದೇನೋ ತೆರೆಯುತ್ತದೆ, ದೊಡ್ಡ ಡ್ರಾಯಿಂಗ್ ಬಂದಾಗ ಗೊತ್ತಾಗುತ್ತದೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಒಂದಷ್ಟನ್ನು ಎಸ್‌ಎಸ್‌ಡಿಗೆ ತಳ್ಳಿ, ಬೇಕಾದಾಗ ವಾಪಸ್ ಎಳೆದುಕೊಳ್ಳುತ್ತದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಿದ್ದರೂ ರ‍್ಯಾಮ್‌ನ ಹತ್ತಿರಕ್ಕೂ ಬರುವುದಿಲ್ಲ. ತೀರಾ ಅಗ್ಗದ ಸೆಲೆರಾನ್ ಲ್ಯಾಪ್‌ಟಾಪ್‌ಗಳಲ್ಲಿ 4 ಜಿಬಿ ರ‍್ಯಾಮ್ ಜೊತೆಗೆ ಎಸ್‌ಎಸ್‌ಡಿ ಬದಲು ನಿಧಾನದ 64 ಜಿಬಿ ಇಎಂಎಂಸಿ ಇರುತ್ತದೆ. ಅಲ್ಲಿ ಈ ತಳ್ಳಾಟ ನೋಡಲಿಕ್ಕಾಗುವುದಿಲ್ಲ. ಅವುಗಳಲ್ಲಿ ಬರುವ ಎನ್4020 ಪ್ರೊಸೆಸರ್ ತಡೆದುಕೊಳ್ಳುವುದೇ ಗರಿಷ್ಠ 8 ಜಿಬಿ. ವಿಂಡೋಸ್ ಹಾಕಿದ ಅಂಥ ಲ್ಯಾಪ್‌ಟಾಪ್ ಕೊಳ್ಳಬೇಡಿ ಅಂತ ನಾನು ನೇರವಾಗಿಯೇ ಹೇಳುತ್ತೇನೆ.

ಈಗ ಸ್ಲಾಟಿನ ವಿಷಯ. ರ‍್ಯಾಮ್ ಎರಡು ಥರ ಬರುತ್ತದೆ. ಒಂದು, ಸ್ಲಾಟಿನಲ್ಲಿ ಕೂರಿಸುವ ಸ್ಟಿಕ್. ಇನ್ನೊಂದು, ಬೋರ್ಡಿಗೇ ಬೆಸುಗೆ ಹಾಕಿದ ಚಿಪ್ಪುಗಳು. ನಮ್ಮ ಲೈನಿನಲ್ಲಿ ಆನ್‌ಬೋರ್ಡ್ ಅನ್ನುತ್ತೇವೆ. ಬೆಸುಗೆ ಹಾಕುವುದಕ್ಕೆ ನ್ಯಾಯವಾದ ಕಾರಣಗಳೂ ಇವೆ. ಹೀಗೆ ಬೆಸೆಯುವ ಎಲ್‌ಪಿಡಿಡಿಆರ್ ಎಂಬ ಚಿಪ್ಪು ಕರೆಂಟ್ ಕಡಿಮೆ ಎಳೆಯುತ್ತದೆ, ಪ್ರೊಸೆಸರ್‌ಗೆ ಹತ್ತಿರ ಕೂತು ವೇಗವಾಗಿ ಓಡುತ್ತದೆ, ಲ್ಯಾಪ್‌ಟಾಪ್ ತೆಳ್ಳಗಾಗುತ್ತದೆ. ಲಕ್ಷದ ಮೆಷಿನ್‌ನಲ್ಲಿ ಈ ಮಾತು ಒಪ್ಪುತ್ತೇನೆ. ನಲವತ್ತು ಸಾವಿರದ ಪ್ಲಾಸ್ಟಿಕ್ ಬಾಡಿಯೊಳಗೆ 8 ಜಿಬಿ ಬೆಸೆದು, ಸ್ಲಾಟೂ ಕೊಡದೆ ಕೈ ತೊಳೆದುಕೊಂಡರೆ ಆ ಲ್ಯಾಪ್‌ಟಾಪಿನ ಆಯುಷ್ಯ ಕೊಂಡ ದಿನವೇ ನಿಗದಿಯಾದಂತೆ.

ಕೊಳ್ಳುವ ಮುಂಚೆ ನೋಡುವುದು ಹೇಗೆ? ಡೆಮೊ ಪೀಸ್‌ನಲ್ಲಿ ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಮೆಮೊರಿ ಅಂತ ಹೋಗಿ. ಎಷ್ಟು ಸ್ಲಾಟ್‌ನಲ್ಲಿ ಎಷ್ಟು ಬಳಕೆಯಲ್ಲಿದೆ ಅಂತ ಇರುತ್ತದೆ, ಕೆಳಗೆ ಫಾರ್ಮ್ ಫ್ಯಾಕ್ಟರ್ ಅಂತ ಇನ್ನೊಂದು ಸಾಲು. ಅಲ್ಲಿ 'ಸೋಡಿಮ್' ಅಂತಿದ್ದರೆ ಸ್ಟಿಕ್, 'ರೋ ಆಫ್ ಚಿಪ್ಸ್' ಅಂತಿದ್ದರೆ ಬೆಸುಗೆ. ಆದರೆ ಇದನ್ನೇ ನಂಬಿಕೊಂಡು ಕೂರಬೇಡಿ. ಬೆಸುಗೆಯ ಚಿಪ್ಪುಗಳನ್ನೂ ಸ್ಲಾಟ್ ಅಂತಲೇ ಲೆಕ್ಕ ತೋರಿಸುವ ಮೆಷಿನ್‌ಗಳಿವೆ. ನಾನು ಮಾಡೆಲ್ ನಂಬರ್ ಪೂರ್ತಿ ಬರೆದುಕೊಂಡು ಕಂಪನಿಯ ದಾಖಲೆ ತೆಗೆಯುತ್ತೇನೆ. ಲೆನೊವೊದವರ ಪಿಎಸ್‌ರೆಫ್ ಸೈಟಿನಲ್ಲಿ ಎಷ್ಟು ಬೆಸೆದಿದೆ, ಎಷ್ಟು ಸ್ಲಾಟ್, ಗರಿಷ್ಠ ಎಷ್ಟು ಅಂತ ಬಿಡಿಬಿಡಿಯಾಗಿ ಬರೆದಿರುತ್ತದೆ. ಎಚ್‌ಪಿ, ಡೆಲ್‌ನವರ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಹಿಂಬದಿ ಬಿಚ್ಚಿದ ಚಿತ್ರವೇ ಸಿಗುತ್ತದೆ. ಒಂದೇ ಹೆಸರಿನ ಲ್ಯಾಪ್‌ಟಾಪ್‌ನಲ್ಲಿ ಒಂದು ಮಾಡೆಲ್‌ಗೆ ಸ್ಲಾಟ್ ಇದ್ದು ಇನ್ನೊಂದಕ್ಕೆ ಇಲ್ಲದಿರುವುದೂ ಉಂಟು, ಅದಕ್ಕೇ ಕೊನೆಯ ಅಕ್ಷರದವರೆಗೂ ನಂಬರ್ ಬೇಕು.

ಅರಕಲಗೂಡು ಕಡೆಯ ಶುಂಠಿ ಬೆಳೆಗಾರರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಆನ್‌ಲೈನ್‌ನಲ್ಲಿ ತೆಳ್ಳಗಿನ ಬೆಳ್ಳಿ ಬಣ್ಣದ ಒಂದನ್ನು ಆರಿಸಿಕೊಂಡೇ ಬಂದಿದ್ದಳು.

"ಸಾರ್, ಇದು ನಾಲ್ಕು ವರ್ಷ ಓಡುತ್ತಾ?" ಅಂದರು ಅಪ್ಪ.

"ಓಡುತ್ತೆ ಯಜಮಾನ್ರೇ. ಮೂರನೇ ವರ್ಷಕ್ಕೆ ಪ್ರಾಜೆಕ್ಟ್ ಕೆಲಸ ಶುರುವಾದಾಗ ರ‍್ಯಾಮ್ ಸಾಲ್ತಿಲ್ಲ ಅಂತಾಳೆ ಮಗಳು. ಇದರಲ್ಲಿ ಹಾಕ್ಸೋಕೆ ಜಾಗಾನೇ ಇಲ್ಲ. ನಾನು ತೋರಿಸ್ತಿರೋ ಈ ಇನ್ನೊಂದರಲ್ಲಿದೆ."

"ಅಂಕಲ್, ಅದು ದಪ್ಪ ಇದೆ," ಅಂದಳು ಹುಡುಗಿ.

ಇಬ್ಬರ ಮಾತೂ ಸರಿ. ಹಾಸ್ಟೆಲ್ಲಿಂದ ಕಾಲೇಜಿಗೆ ದಿನಾ ಬ್ಯಾಗಿನಲ್ಲಿ ಹೊರುವವಳು ಅವಳು. ಎರಡನ್ನೂ ಅವಳ ಕೈಗೇ ಕೊಟ್ಟೆ. ತೂಕದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ, ದಪ್ಪದ್ದನ್ನೇ ತೆಗೆದುಕೊಂಡಳು. ಅದರಲ್ಲಿ 8 ಜಿಬಿ ಬೆಸೆದಿತ್ತು, ಪಕ್ಕದಲ್ಲಿ ಒಂದು ಸ್ಲಾಟ್ ಖಾಲಿ. ಆಮೇಲೆ 8 ಜಿಬಿ ಸ್ಟಿಕ್ ನಾನೇ ಹಾಕಿಕೊಟ್ಟೆ.

ಹಾಕುವ ಕೆಲಸ ಕಷ್ಟದ್ದಲ್ಲ, ಆತುರದ್ದೂ ಅಲ್ಲ. ವಾರಂಟಿ ಇನ್ನೂ ಇದ್ದರೆ ಮೊದಲು ಗ್ರಾಹಕರ ಕೈಯಲ್ಲೇ ಕಂಪನಿಗೆ ಫೋನ್ ಮಾಡಿಸುತ್ತೇನೆ, ಬಿಚ್ಚಿದರೆ ವಾರಂಟಿ ಇರುತ್ತದೋ ಹೋಗುತ್ತದೋ ಅವರ ಬಾಯಲ್ಲೇ ಬರಲಿ ಅಂತ. ಆಮೇಲೆ ಶಟ್‌ಡೌನ್, ಚಾರ್ಜರ್ ತೆಗೆದು ಮೆಷಿನ್ ಬೋರಲು. ಬಿಚ್ಚಿದ ಸ್ಕ್ರೂಗಳನ್ನು ಥರ್ಮಾಕೋಲ್ ತುಂಡಿನ ಮೇಲೆ ಅವು ಇದ್ದ ಜಾಗದ ಆಕಾರದಲ್ಲೇ ಚುಚ್ಚಿಡುತ್ತೇನೆ. ಮುಂದಿನವು ಗಿಡ್ಡ, ಹಿಂಜಿನ ಕಡೆಯವು ಉದ್ದ ಇರುವುದು ಹೆಚ್ಚು, ಗಿಡ್ಡದರ ಜಾಗಕ್ಕೆ ಉದ್ದದ್ದು ಹೋದರೆ ಮೇಲಿನ ಪ್ಲಾಸ್ಟಿಕ್ ಉಬ್ಬುತ್ತದೆ. ಎಲ್ಲಾ ಬಿಚ್ಚಿದ ಮೇಲೂ ಕವರ್ ಅಲುಗದಿದ್ದರೆ ರಬ್ಬರ್ ಪಾದದ ಕೆಳಗೆ ಒಂದೆರಡು ಸ್ಕ್ರೂ ಅಡಗಿರುತ್ತವೆ. ಕವರ್ ಎಬ್ಬಿಸಲು ಗಿಟಾರ್ ಪಿಕ್, ಇಲ್ಲವೆಂದರೆ ಹಳೇ ಎಟಿಎಂ ಕಾರ್ಡ್. ಸ್ಕ್ರೂ ಡ್ರೈವರ್ ತೂರಿಸಿದರೆ ಅಂಚು ಕಿತ್ತುಬರುತ್ತದೆ.

ಕವರ್ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಬಿಡಿಸಿ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡಬೇಕು. ಸ್ಟಿಕ್ಕನ್ನು ಚಿಪ್ಪು ಮುಟ್ಟದೆ ಅಂಚಿನಲ್ಲಿ ಹಿಡಿದು, ಓರೆಯಾಗಿ ಸ್ಲಾಟಿಗೆ ತೂರಿಸಿ, ಚಿನ್ನದ ಬಣ್ಣದ ಗೆರೆಗಳು ಬಹುತೇಕ ಒಳಗೆ ಮರೆಯಾಗುವವರೆಗೂ ತಳ್ಳಿ, ಕೆಳಕ್ಕೆ ಒತ್ತಬೇಕು. ಎರಡೂ ಕಡೆಯ ಕೊಂಡಿ ಟಕ್ ಅನ್ನುತ್ತವೆ. ಒಂದು ಕಡೆ ಮಾತ್ರ ಅಂದರೆ ತೆಗೆದು ಮತ್ತೆ ಕೂರಿಸಬೇಕು. ಸ್ಟಿಕ್‌ಗಳಲ್ಲಿ ಡಿಡಿಆರ್4 ಹಳೇ ತಲೆಮಾರು, ಡಿಡಿಆರ್5 ಹೊಸದು. ಡಿಡಿಆರ್4 ಸ್ಟಿಕ್‌ಗೆ 260 ಪಿನ್, ಡಿಡಿಆರ್5ಗೆ 262, ಕಚ್ಚು ಇರುವ ಜಾಗವೂ ಬೇರೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಡಿಡಿಆರ್5 ಹಾಕಿ ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ಹೊಸ ಮೆಮೊರಿಯ ಜೊತೆ ಬೋರ್ಡ್ ತನ್ನ ಲೆಕ್ಕ ಹೊಂದಿಸಿಕೊಳ್ಳುವ ಹೊತ್ತು ಅದು, ಒಂದೆರಡು ನಿಮಿಷವೂ ಆಗಬಹುದು. ಎದುರಿಗೆ ಕೂತ ಗ್ರಾಹಕರ ಮುಖ ಬಿಳಿಚಿಕೊಳ್ಳುವ ಮುಂಚೆಯೇ ನಾನು ಹೇಳಿಬಿಡುತ್ತೇನೆ. ಮನೆಯಲ್ಲಿ ತಾವೇ ಹಾಕಿಕೊಂಡವರು ಈ ಹೊತ್ತಿನಲ್ಲೇ ಹೆದರಿ ಪವರ್ ಬಟನ್ ಒತ್ತಿ, ಮತ್ತೆ ಒತ್ತಿ, ನಮ್ಮ ಹತ್ತಿರ ಓಡಿ ಬರುವುದು. ಹಳೇ ಮೆಷಿನ್ ಡಿಸ್‌ಪ್ಲೇ ಕೊಡದಿದ್ದರೆ ಮಾತ್ರ ಸ್ಟಿಕ್ ತೆಗೆದು ಪೆನ್ಸಿಲ್ ರಬ್ಬರ್‌ನಿಂದ ಪಿನ್ ಉಜ್ಜಿ, ಪುಡಿ ಒರೆಸಿ ಹಾಕಿ ನೋಡಿ. ಎಷ್ಟೋ 'ಬೋರ್ಡ್ ಹೋಗಿದೆ' ಕೇಸುಗಳು ಅಷ್ಟರಲ್ಲೇ ಮುಗಿದಿವೆ.

ಆನ್ ಆದ ಮೇಲೆ ಸಿಪಿಯು-ಜಡ್ ಎಂಬ ಸಾಫ್ಟ್‌ವೇರ್‌ನಲ್ಲಿ ಸ್ಟಿಕ್ಕಿನ ತಯಾರಕರ ಹೆಸರು, ವೇಗ ನೋಡುತ್ತೇನೆ. ಸ್ಟಿಕ್ ಮೇಲಿನ ಲೇಬಲ್ ಒಂದು, ಒಳಗಿನ ಹೆಸರು ಇನ್ನೊಂದು ಆಗಿದ್ದರೆ ವಾಪಸ್ ಕಳಿಸುವುದೇ ಸರಿ. ಅನುಮಾನ ಬಂದರೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಬಿಡುತ್ತೇನೆ. ಎರಡು ಸ್ಟಿಕ್‌ಗಳ ವೇಗ ಬೇರೆ ಇದ್ದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಅದರಿಂದ ದೊಡ್ಡ ನಷ್ಟವೇನಿಲ್ಲ. ಎರಡನೆಯದು ಹಾಕಿದ್ದರಿಂದ ಡ್ಯುಯಲ್ ಚಾನೆಲ್ ಆಗುತ್ತದಲ್ಲ, ಅಂದರೆ ಪ್ರೊಸೆಸರ್‌ಗೂ ಮೆಮೊರಿಗೂ ನಡುವೆ ಎರಡು ದಾರಿ, ಆ ಲಾಭ ದೊಡ್ಡದು. ಗ್ರಾಫಿಕ್ಸ್ ರ‍್ಯಾಮ್‌ನಿಂದಲೇ ನಡೆಯುವ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡುವವರಿಗೆ ಅದು ಕಣ್ಣಿಗೇ ಕಾಣುತ್ತದೆ. ಇಂಟೆಲ್‌ನ ಎನ್100 ಥರದ ಅಗ್ಗದ ಪ್ರೊಸೆಸರ್‌ಗಳಿಗೆ ಮಾತ್ರ ಇರುವುದೇ ಒಂದು ಚಾನೆಲ್.

ಇನ್ನು ದುಡ್ಡಿನ ಮಾತು. 2024ರಲ್ಲಿ 8 ಜಿಬಿಯ ಒಳ್ಳೆಯ ಡಿಡಿಆರ್4 ಸ್ಟಿಕ್ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆ ಎಸ್.ಪಿ. ರೋಡಿನಲ್ಲಿ ಎರಡು ಸಾವಿರದ ಆಸುಪಾಸಿಗೆ ಸಿಗುತ್ತಿತ್ತು. ಅದೇ 8 ಜಿಬಿ ಹೆಚ್ಚಿಗೆ ಇರುವ ಮಾಡೆಲ್‌ಗೆ ಕಂಪನಿಯವರು ಇಡುತ್ತಿದ್ದ ವ್ಯತ್ಯಾಸ ಎಷ್ಟೋ ಸಲ ಅದರ ಎರಡು ಮೂರು ಪಟ್ಟು. ಆಪಲ್‌ನವರದ್ದಂತೂ ಕೇಳಲೇಬೇಡಿ, 8ರಿಂದ 16ಕ್ಕೆ ಏರಲು 20,000 ರೂಪಾಯಿ, ಬೆಸುಗೆಯಾದ್ದರಿಂದ ಕೊಳ್ಳುವಾಗಲೇ ಕೊಡಬೇಕಿತ್ತು. 2023ರಲ್ಲಿ 1,69,900 ರೂಪಾಯಿಯ ಮ್ಯಾಕ್‌ಬುಕ್ ಪ್ರೊನಲ್ಲೂ 8 ಜಿಬಿ ಕೊಟ್ಟು, ನಮ್ಮ ಎಂಟು ಬೇರೆಯವರ ಹದಿನಾರಕ್ಕೆ ಸಮ ಅಂತ ಅವರ ಅಧಿಕಾರಿಯೊಬ್ಬರು ಸಮರ್ಥಿಸಿಕೊಂಡಿದ್ದರು. ಮರುವರ್ಷ ಅಕ್ಟೋಬರ್‌ನಲ್ಲಿ ಅದೇ ಕಂಪನಿ ಎಂ2 ಮತ್ತು ಎಂ3 ಚಿಪ್ಪಿನ ಮ್ಯಾಕ್‌ಬುಕ್ ಏರ್‌ಗಳನ್ನು ಬೆಲೆ ಏರಿಸದೆಯೇ 16 ಜಿಬಿಯಿಂದ ಶುರು ಮಾಡಿತು. ಬೆಲೆ ಏರಿಸದೆ ಕೊಡಲು ಸಾಧ್ಯವಿತ್ತು ಅಂತಾಯಿತಲ್ಲ. ಹಾಗಾಗಿ ಇಷ್ಟು ವರ್ಷ ನನ್ನ ಸಲಹೆ ಸರಳವಾಗಿತ್ತು: ಸ್ಲಾಟ್ ಇರುವ 8 ಜಿಬಿ ತಗೊಳ್ಳಿ, ಬೇಕಾದಾಗ ಇಲ್ಲಿ ಬಂದು ಹಾಕಿಸಿಕೊಳ್ಳಿ.

2025ರ ಕೊನೆಯಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಪ್ರಪಂಚದ ರ‍್ಯಾಮ್ ಚಿಪ್ಪುಗಳ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೇ ಕಂಪನಿಗಳದ್ದು. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ದುಬಾರಿ ಮೆಮೊರಿ ಕಡೆಗೆ ಮೂವರೂ ತಿರುಗಿದರು. ನಾವು ಕಣ್ಣು ಮುಚ್ಚಿ ಹಾಕುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಡಿಸೆಂಬರ್‌ನಲ್ಲಿ ಹೇಳಿತು. ಸ್ಟಿಕ್ ದರ ದುಪ್ಪಟ್ಟು ದಾಟಿತು. ಬೆಳಿಗ್ಗೆ ಕೇಳಿದ ರೇಟು ಸಂಜೆಗೆ ಇಲ್ಲ ಅನ್ನುವ ಹಾಗಾಗಿ, ಕೊಟೇಶನ್ ಕೆಳಗೆ 'ಈ ದರ ಇವತ್ತಿಗೆ ಮಾತ್ರ' ಅಂತ ಬರೆಯತೊಡಗಿದೆ.

ಆಮೇಲಿನಿಂದ ಹೇಳುತ್ತಿರುವುದು ಹೀಗೆ. ಹಳೇ ಸ್ಟಾಕಿನ 16 ಜಿಬಿ ಲ್ಯಾಪ್‌ಟಾಪ್ ಹಳೇ ದರದಲ್ಲಿ ಕಂಡರೆ, ಕೆಲಸಕ್ಕೆ ಹದಿನಾರು ನಿಜವಾಗಿ ಬೇಕಿದ್ದವರು ಯೋಚಿಸದೆ ತಗೊಳ್ಳಿ. ಆಮೇಲೆ ಹಾಕಿಸೋಣ ಅನ್ನುವುದು ಈಗ ಉಳಿತಾಯವಲ್ಲ. ಎಂಟರಲ್ಲಿ ನಡೆಯುವವರು ಎಂಟನ್ನೇ ತಗೊಳ್ಳಿ, ಸ್ಲಾಟ್ ಇರುವುದನ್ನೇ ತಗೊಳ್ಳಿ, ದರ ಇಳಿಯುವ ತನಕ ಟ್ರಯಲ್ ಆಂಟಿವೈರಸ್ ತೆಗೆದು, ಸ್ಟಾರ್ಟಪ್‌ನಲ್ಲಿ ಬೇಡದ್ದನ್ನು ನಿಲ್ಲಿಸಿ ದೂಡಿ. ಮನೆಯಲ್ಲಿ ಕೆಟ್ಟು ಮೂಲೆಗೆ ಬಿದ್ದ ಲ್ಯಾಪ್‌ಟಾಪ್ ಇದ್ದರೆ ಗುಜರಿಗೆ ಹಾಕುವ ಮುಂಚೆ ಅದರ ಸ್ಟಿಕ್ ತೆಗೆಸಿ. ಡಿಡಿಆರ್4 ಆಗಿದ್ದರೆ ಈಗ ಅದಕ್ಕೆ ಬೆಲೆ ಇದೆ.

ಹೊಸದಕ್ಕೆ ಕೈ ಎಟುಕದವರಿಗೆ ನಾನು ತೋರಿಸುವುದು ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಬಿಸಿನೆಸ್ ಲ್ಯಾಪ್‌ಟಾಪ್. 2018ರ ಲೆನೊವೊ ಥಿಂಕ್‌ಪ್ಯಾಡ್ ಟಿ480ರಲ್ಲಿ ಎರಡು ಸ್ಲಾಟ್ ಇವೆ, ಎಂಟನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇದ್ದರೆ ವಿಂಡೋಸ್ 11 ಕೂಡ ಕೂರುತ್ತದೆ. ಹೆಸರು ಸರಿಯಾಗಿ ನೋಡಿಕೊಳ್ಳಿ, ಟಿ480ಎಸ್ ಅಂತ ಇನ್ನೊಂದಿದೆ, ಅದರಲ್ಲಿ ಒಂದಷ್ಟು ಬೆಸುಗೆ, ಸ್ಲಾಟ್ ಒಂದೇ. ಟಿ480ಗೆ ಬ್ಯಾಟರಿ ಎರಡು, ಒಳಗೊಂದು, ಹಿಂದೆ ಕಳಚುವಂಥದ್ದೊಂದು. ಚಾರ್ಜರ್ ಕಿತ್ತು, ಹಿಂದಿನದ್ದನ್ನೂ ತೆಗೆದು, ಒಳಗಿನದ್ದೊಂದರ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅಂಗಡಿಯಲ್ಲೇ ನೋಡಿ ದುಡ್ಡು ಕೊಡಿ.