ಸೆಕೆಂಡ್ ಹ್ಯಾಂಡ್ ಟರ್ಬೊ ಕನ್ವರ್ಟಿಬಲ್ ಕೊಳ್ಳುವ ಮುಂಚೆ ಚಿಕ್ಕಬಳ್ಳಾಪುರದ ರಸ್ತೆಯಲ್ಲೇ ಪರೀಕ್ಷೆ ಮಾಡಿ

ಮಾರುವವರು ಮೊದಲು ಹೇಳೋದು ಹಾರ್ಸ್‌ಪವರ್. ಅದನ್ನು ಕೇಳಿಸಿಕೊಳ್ಳಿ, ತಲೆ ಆಡಿಸಿ, ಆಮೇಲೆ ಸೀದಾ ರೂಫ್ ನೋಡೋಕೆ ಹೋಗಿ. ಕನ್ವರ್ಟಿಬಲ್ ಅಂದರೆ ರೂಫ್ ಮಡಚಿ ತೆರೆಯುವ ಕಾರು. ಟರ್ಬೊ ಇಂಜಿನ್ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಬೆಂಗಳೂರಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಮಡಚುವ ರೂಫಿನ ಕೆಲಸ ಬಲ್ಲವರನ್ನು ಮಾತ್ರ ಹುಡುಕಬೇಕು. ಪಾರ್ಟ್ ಹೊರದೇಶದಿಂದ ಬರಬೇಕಾದರೆ ಕಾಯಬೇಕು, ಅಷ್ಟು ದಿನ ಕಾರು ಟಾರ್ಪಲಿನ್ ಹೊದ್ದುಕೊಂಡು ಮನೆ ಮುಂದೆ ಕೂತಿರುತ್ತದೆ.

ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಸಿಗುವ ಸಣ್ಣ ಟರ್ಬೊ ಕನ್ವರ್ಟಿಬಲ್ ಅಂದರೆ ಮುಖ್ಯವಾಗಿ ಎರಡು. ಒಂದು ಮಿನಿ ಕೂಪರ್ ಎಸ್ ಕನ್ವರ್ಟಿಬಲ್. 2 ಲೀಟರ್ ಟರ್ಬೊ ಪೆಟ್ರೋಲ್, 192 ಹಾರ್ಸ್‌ಪವರ್, 280 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), 100 ಕಿ.ಮೀ. ವೇಗ ಮುಟ್ಟೋಕೆ ಸುಮಾರು 7 ಸೆಕೆಂಡ್. ಇನ್ನೊಂದು ಆಡಿ ಎ3 ಕ್ಯಾಬ್ರಿಯೊಲೆ. ಇದು 2014ರ ಕೊನೆಗೆ 1.8 ಲೀಟರ್, 180 ಹಾರ್ಸ್‌ಪವರ್ ಇಂಜಿನ್ ಹೊತ್ತು ಭಾರತಕ್ಕೆ ಬಂತು, 2017ರಲ್ಲಿ 1.4 ಲೀಟರ್, 150 ಹಾರ್ಸ್‌ಪವರ್‌ಗೆ ಇಳಿಯಿತು. ಎರಡೂ ಮುಂದಿನ ಚಕ್ರ ಎಳೆಯುವ ಕಾರುಗಳು, ಎರಡಕ್ಕೂ ಬಟ್ಟೆಯ ರೂಫ್. ಮಜಾ ಬೇಕಾದರೆ ಮಿನಿ, ಹಿಂದಿನ ಸೀಟಿನಲ್ಲಿ ಮನುಷ್ಯರು ಕೂರಬೇಕಾದರೆ ಆಡಿ. ಅದೂ ಮಕ್ಕಳಾದರೆ ಸರಿ, ದೊಡ್ಡವರಿಗೆ ಅಲ್ಲೂ ಮಂಡಿ ಇಕ್ಕಟ್ಟೇ.

ರೂಫ್ ತೆಗೆದರೆ ಕಾರಿಗೆ ಏನಾಗುತ್ತದೆ ಅನ್ನೋದನ್ನು ತಿಳಿದುಕೊಂಡರೆ ಪರೀಕ್ಷೆ ಸುಲಭ. ದ್ರಾಕ್ಷಿ ತುಂಬುವ ರಟ್ಟಿನ ಪೆಟ್ಟಿಗೆ ತಗೊಳ್ಳಿ, ಮುಚ್ಚಳ ಇದ್ದಾಗ ತಿರುಚಿ ನೋಡಿ, ಮುಚ್ಚಳ ತೆಗೆದು ತಿರುಚಿ ನೋಡಿ. ಕಾರಿಗೂ ಅದೇ ಗತಿ. ಹಾಗಾಗಿ ಕಂಪನಿಯವರು ಬಾಗಿಲ ಕೆಳಗಿನ ಪಟ್ಟಿ, ನೆಲ, ಮುಂದಿನ ಗಾಜಿನ ಚೌಕಟ್ಟು ಇವಕ್ಕೆಲ್ಲ ಹೆಚ್ಚುವರಿ ಉಕ್ಕು ಹಾಕುತ್ತಾರೆ, ಪಲ್ಟಿಯಾದರೆ ತಲೆ ಉಳಿಯಲಿ ಅಂತ ಸೀಟಿನ ಹಿಂದೆ ಚಿಮ್ಮಿ ನಿಲ್ಲುವ ಕಂಬಿ ಇಡುತ್ತಾರೆ. ಇಷ್ಟೆಲ್ಲ ಸೇರಿ ಮಾಮೂಲಿ ಹ್ಯಾಚ್‌ಬ್ಯಾಕ್‌ಗಿಂತ 100 ಕೆಜಿ ಆಸುಪಾಸು ತೂಕ ಜಾಸ್ತಿ. ಇಷ್ಟಾದರೂ ಸ್ವಲ್ಪ ನಡುಕ ಉಳಿದೇ ಉಳಿಯುತ್ತದೆ. ಸ್ವಲ್ಪ ನಡುಗಿದರೆ ಪರವಾಗಿಲ್ಲ. ಜಾಸ್ತಿ ನಡುಗಿದರೆ ಆ ಕಾರು ಎಲ್ಲೋ ಹೊಡೆಸಿಕೊಂಡಿದೆ ಅಂತ ಅನುಮಾನ ಪಡಿ.

ಇದನ್ನು ಕಂಡುಹಿಡಿಯೋಕೆ ನಮ್ಮ ಹಳ್ಳಿ ರಸ್ತೆಗಿಂತ ಒಳ್ಳೆ ಜಾಗ ಇಲ್ಲ. ಮುದ್ದೇನಹಳ್ಳಿ ಕಡೆಗೋ ಶಿಡ್ಲಘಟ್ಟದ ಕಡೆಗೋ ಹೋಗಿ, ಹಂಪ್‌ಗಳಿಗೇನೂ ಬರ ಇಲ್ಲ. ಹಂಪನ್ನು ನೇರವಾಗಿ ಹತ್ತಿಸಬೇಡಿ, ಓರೆಯಾಗಿ, ಒಂದೊಂದೇ ಚಕ್ರ ಹತ್ತುವ ಹಾಗೆ ನಿಧಾನಕ್ಕೆ ಹೋಗಿ, ಆಗ ಒಳಗಿನ ಕನ್ನಡಿಯನ್ನೂ ಮುಂದಿನ ಗಾಜಿನ ಚೌಕಟ್ಟನ್ನೂ ಗಮನಿಸಿ. ಒಂದು ಸಲ ಅದುರಿ ನಿಂತರೆ ಸರಿ, ಗಡಗಡ ಅಂತ ಆಡುತ್ತಲೇ ಇದ್ದರೆ ಸರಿಯಿಲ್ಲ. ಆಮೇಲೆ ವಾಹನ ಓಡಾಡದ ಜಾಗ ನೋಡಿ, ಒಂದು ಮುಂದಿನ ಚಕ್ರ ಎತ್ತರದ ಮೇಲೆ ಇರುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎರಡೂ ಬಾಗಿಲು ತೆಗೆದು ಮುಚ್ಚಿ. ಬಾಗಿಲು ಲಾಕ್ ಹತ್ತಿರ ಸಿಕ್ಕಿಹಾಕಿಕೊಂಡರೆ ಬಾಡಿ ಸೊಟ್ಟಗಾಗಿರಬಹುದು. ಈ ಒಂದು ಪರೀಕ್ಷೆಗೆ ಮಾರುವವರು ಒಪ್ಪದಿದ್ದರೆ ಟೀ ಕುಡಿದು ವಾಪಸ್ ಬನ್ನಿ.

ಈಗ ರೂಫ್. ಇಂಜಿನ್ ಚಾಲೂ ಇಟ್ಟು ತೆರೆಯಿರಿ, ಇಲ್ಲದಿದ್ದರೆ ಬ್ಯಾಟರಿ ಸೋಲುತ್ತದೆ. ಮಿನಿಯಲ್ಲೂ ಆಡಿಯಲ್ಲೂ ಸುಮಾರು 18 ಸೆಕೆಂಡ್‌ನಲ್ಲಿ ತೆರೆಯಬೇಕು. ಮಿನಿಯಲ್ಲಿ ಗಂಟೆಗೆ 30 ಕಿ.ಮೀ. ವೇಗದವರೆಗೆ, ಆಡಿಯಲ್ಲಿ 50ರವರೆಗೆ ಓಡುತ್ತಲೇ ತೆರೆಯಬಹುದು. ಮಧ್ಯೆ ತಡವರಿಸುವುದು, ಒಂದು ಕಡೆ ಮುಂದೆ ಒಂದು ಕಡೆ ಹಿಂದೆ ಬರುವುದು, ಮೋಟಾರ್ ನರಳುವುದು, ಇವೆಲ್ಲ ದುಡ್ಡು ಕೇಳುವ ಲಕ್ಷಣಗಳು. ಎರಡು ಸಲ ಸಾಕು, ಸುಮ್ನೆ ಆಟಕ್ಕೆ ಹತ್ತು ಸಲ ಒತ್ತುತ್ತಾ ಕೂತರೆ ಮೋಟಾರ್ ಬಿಸಿಯಾಗಿ ತಾನೇ ನಿಂತುಬಿಡುತ್ತದೆ. ನಂತರ ಕಾರ್ಪೆಟ್ ಮೇಲೆ ಅಂಗೈ ಒತ್ತಿ, ಮೂಗಿಟ್ಟು ನೋಡಿ. ರೂಫಿನ ಅಂಚಿನಿಂದ ಮಳೆ ನೀರು ಹೊರಹೋಗೋಕೆ ಸಣ್ಣ ಕೊಳವೆಗಳಿರುತ್ತವೆ. ಹೊಂಗೆ ಹೂವು, ಹುಣಸೆ ಎಲೆ, ಕ್ರಷರ್ ಧೂಳು ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ. ಹೊರಗಿಂದ ಏನೂ ಕಾಣೋದಿಲ್ಲ. ಕಾರ್ಪೆಟ್ ಕೆಳಗೆ ವೈರಿಂಗ್ ಇರುತ್ತದೆ, ತಲೆನೋವು ಅಲ್ಲಿಂದ ಶುರು.

ಇನ್ನೊಂದು ವಿಷಯ, ಸ್ವಲ್ಪ ಪತ್ತೇದಾರಿ ಕೆಲಸ. ಸೀಟಿನ ಹಳಿಗಳ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಒಣಗಿದ ಗುಲಾಬಿ ಎಸಳು, ಮಿಂಚಿನ ಚೂರು, ಅಕ್ಷತೆ ಸಿಕ್ಕರೆ ಆ ಕಾರು ಮದುವೆ ಮೆರವಣಿಗೆಗೆ, ಫೋಟೊ ಶೂಟ್‌ಗೆ ಬಾಡಿಗೆ ಹೋಗಿರಬಹುದು. ಓಡಿದ ಕಿ.ಮೀ. ಕಡಿಮೆ ತೋರಿಸುತ್ತದೆ, ಆದರೆ ರೂಫ್ ಸಾವಿರ ಸಲ ತೆರೆದು ಮುಚ್ಚಿರುತ್ತದೆ, ಡೊಳ್ಳಿನ ಹಿಂದೆ ಇಂಚಿಂಚೇ ತೆವಳಿ ಗೇರ್‌ಬಾಕ್ಸ್ ಕಾದಿರುತ್ತದೆ.

ಟರ್ಬೊ ನೋಡೋಕೆ ಬೆಳಿಗ್ಗೆಯೇ ಹೋಗಿ, ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಯಾರೋ ಸ್ಟಾರ್ಟ್ ಮಾಡಿದ್ದಾರೆ, ಯಾಕೆ ಅಂತ ಕೇಳಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದಾಗ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಸೈಲೆನ್ಸರ್‌ಗೆ ಹೋಗುವ ಬಿಸಿ ಹೊಗೆಯೇ ಟರ್ಬೊದ ಚಕ್ರ ತಿರುಗಿಸುತ್ತದೆ, ಅದಕ್ಕೆ ಜೋಡಿಸಿದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಆ ದಂಡಕ್ಕೆ ಆಧಾರ ಒಂದು ತೆಳು ಎಣ್ಣೆ ಪದರ. ಅದಕ್ಕೇ ಆಯಿಲ್ ಬದಲಿಸಿದ ಬಿಲ್‌ಗಳನ್ನು ಒಂದೊಂದಾಗಿ ನೋಡಿ. ನಮ್ಮ ಕಡೆ ಕ್ವಾರಿ ಧೂಳು ಇರುವುದರಿಂದ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಮ್ಯಾನ್ಯುಯಲ್‌ನಲ್ಲಿ ಬರೆದ ಗ್ರೇಡಿನದೇ ಹಾಕಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಇಂಜಿನ್ ಬಿಸಿಯಾದ ಮೇಲೆ ನಂದಿ ಬೆಟ್ಟ ಹತ್ತಿಸಿ. ವಾರಾಂತ್ಯ ಬೇಡ, ತಿರುವಿನಲ್ಲಿ ಕಾರುಗಳ ಸಾಲೇ ನಿಂತಿರುತ್ತದೆ. ಚಿಕ್ಕಬಳ್ಳಾಪುರವೇ ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಬೆಟ್ಟದ ತುದಿ 1,478 ಮೀಟರ್. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಟರ್ಬೊ ಇಲ್ಲದ ಇಂಜಿನ್ ಪ್ರತಿ ಸಾವಿರ ಮೀಟರ್‌ಗೆ ಹೆಚ್ಚುಕಮ್ಮಿ ಶೇ 10 ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇನ್ನೂ ಜೋರಾಗಿ ಸುತ್ತಿ ಆ ಕೊರತೆ ತುಂಬುತ್ತದೆ. ನಮ್ಮ ಜಿಲ್ಲೆಯವರಿಗೆ ಟರ್ಬೊ ಬರೀ ಶೋಕಿ ಅಲ್ಲ ಅಂತ ಮನೆಯಲ್ಲಿ ವಾದ ಮಾಡೋಕೆ ಇದನ್ನು ಬಳಸಿಕೊಳ್ಳಿ. ಮಿನಿಯ ಪೂರ್ತಿ ಟಾರ್ಕ್ 1,300 ಆರ್‌ಪಿಎಂ ಆಸುಪಾಸಿನಲ್ಲೇ ಸಿಗುತ್ತದೆ. ಏರಿನಲ್ಲಿ ಗೇರನ್ನು ಕೈಯಿಂದಲೇ ಮೂರಕ್ಕೆ ಇಟ್ಟು, 2,000 ಆರ್‌ಪಿಎಂನಿಂದ ನಿಧಾನಕ್ಕೆ ಒತ್ತಿ ನೋಡಿ. ಒಂದೇ ಸಮನೆ ಎಳೆಯಬೇಕು. ಜಗ್ಗಿ ಜಗ್ಗಿ ಎಳೆದರೆ, ಸೈರನ್ ತರ ಕೂಗು ಬಂದರೆ, ಇಂಜಿನ್ ಲೈಟ್ ಹತ್ತಿದರೆ ಅಲ್ಲೇ ನಿಲ್ಲಿಸಿ. ಹೇರ್‌ಪಿನ್ ತಿರುವಿನಿಂದ ಹೊರಬರುವಾಗ ಸ್ಟೀರಿಂಗ್ ಕೈಯಲ್ಲಿ ಕೊಂಚ ಎಳೆದಾಡುವುದು ದೋಷ ಅಲ್ಲ, 280 ನ್ಯೂಟನ್ ಮೀಟರ್ ಮುಂದಿನ ಎರಡೇ ಚಕ್ರಕ್ಕೆ ಹೋದರೆ ಹಾಗೇ ಆಗೋದು.

ಮೇಲೆ ಪಾರ್ಕಿಂಗ್ ಸಿಕ್ಕ ತಕ್ಷಣ ಇಂಜಿನ್ ಆಫ್ ಮಾಡಬೇಡಿ. ಟರ್ಬೊ ಸುಡುವಷ್ಟು ಕಾದಿರುವುದು ಏರಿ ಮುಗಿಸಿದ ಆ ಹೊತ್ತಿನಲ್ಲೇ, ಇಳಿಯುವಾಗ ಅದು ತಾನಾಗೇ ತಣ್ಣಗಾಗುತ್ತದೆ. ಹೊಸ ಇಂಜಿನ್‌ಗಳಲ್ಲಿ ತಂಪು ನೀರು ಹರಿಸೋಕೆ ಪ್ರತ್ಯೇಕ ಪಂಪ್ ಇರುತ್ತದೆ, ಆದರೂ ಒಂದು ನಿಮಿಷ ಐಡ್ಲಿಂಗ್ ಬಿಟ್ಟರೆ ನಷ್ಟ ಏನಿಲ್ಲ, ಅಲ್ವಾ.

ವಾಪಸ್ ಬರುವಾಗ ಸಂಜೆ ಹೊತ್ತಿನಲ್ಲಿ ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ನುಗ್ಗಿ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ (ಎರಡು ಕ್ಲಚ್ ಇಟ್ಟು ತಾನೇ ಗೇರ್ ಬದಲಿಸುವುದು) ಹೇಗಿದೆ ಅಂತ ಗೊತ್ತಾಗೋದು ಆಟೋಗಳ ನಡುವೆ ತೆವಳುವಾಗ. ಬ್ರೇಕ್ ಬಿಟ್ಟಾಗ ಮೆತ್ತಗೆ ಮುಂದೆ ಸರಿಯಬೇಕು, ಕುಕ್ಕಬಾರದು.

ಟೈರಿನ ಬದಿಯಲ್ಲಿ ಏನು ಬರೆದಿದೆ ಓದಿ. ಮಿನಿಗೆ ಕಂಪನಿಯಿಂದ ಬಂದದ್ದು ರನ್‌ಫ್ಲಾಟ್ (ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ಟೈರ್) ಆದರೆ ಆರ್‌ಎಸ್‌ಸಿ ಗುರುತು ಇರುತ್ತದೆ. ಅದನ್ನು ತೆಗೆದು ಮಾಮೂಲಿ ಟೈರ್ ಹಾಕಿದ್ದರೆ ಸವಾರಿ ಮೆತ್ತಗಿರುತ್ತದೆ, ಆದರೆ ಸ್ಟೆಪ್ನಿ ಇಲ್ಲ ಅನ್ನೋದು ನೆನಪಿರಲಿ. ಪಂಕ್ಚರ್ ಕಿಟ್ ಜೊತೆಗಿಡಿ. ಮಿನಿಯ ಡಿಕ್ಕಿ ರೂಫ್ ಮುಚ್ಚಿದಾಗ 215 ಲೀಟರ್, ತೆರೆದಾಗ 160. ಊರಿಂದ ತರಕಾರಿ ಮೂಟೆ ತರುವ ಆಸೆ ಬಿಡಿ.

ಕಾರು ಬೇರೆ ರಾಜ್ಯದ್ದಾದರೆ ಹುಷಾರ್. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು, ಕಾರಿನ ವಯಸ್ಸಿಗೆ ತಕ್ಕ ತೆರಿಗೆಯನ್ನು ಕರ್ನಾಟಕಕ್ಕೆ ಮತ್ತೆ ಕಟ್ಟಿದ ಮೇಲಷ್ಟೇ ಚಿಕ್ಕಬಳ್ಳಾಪುರದ ಕೆಎ-40 ನಂಬರ್ ಸಿಗೋದು. ದುಬಾರಿ ಕಾರಿಗೆ ಆ ಮೊತ್ತ ದೊಡ್ಡದೇ. ಬೆಲೆ ಮಾತಾಡುವ ಮುಂಚೆ ಲೆಕ್ಕ ಹಾಕಿಸಿ. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ, ಸಾಲ ತೀರಿದೆ ಅಂತ ಆರ್‌ಟಿಒಗೆ ಕೊಡುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ವಿಮೆ ಮಾಡಿಸುವಾಗ ರೂಫಿನ ಬಟ್ಟೆ, ರಬ್ಬರ್ ಬೀಡಿಂಗ್‌ಗೆ ಎಷ್ಟು ಕೊಡುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ. ಝೀರೋ ಡೆಪ್ (ಸವಕಳಿ ಕಳೆಯದೆ ದುಡ್ಡು ಕೊಡುವ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ದುಡ್ಡು ನಿಮ್ಮ ಜೇಬಿನಿಂದಲೇ ಹೋಗುತ್ತದೆ.