ಮೊದಲು ಓದು, ಆಮೇಲೆ ಆ್ಯಪ್: ರೂತಳ ಪುಸ್ತಕದ ಜೊತೆ ಒಂದು ತಿಂಗಳು

ಬೈಬಲ್ ಸ್ಟಡಿ ಗುಂಪಲ್ಲಿ ಒಂದು ಸಲ ನಾನು ಪೌಲ ರೋಮಾಪುರದವರಿಗೆ ಬರೆದ ಪತ್ರದ 1:16 (ಅಧ್ಯಾಯ 1, ವಚನ 16) ಹೇಳಿಕೊಡ್ತಾ ಇದ್ದೆ. ಅಲ್ಲಿ ಸುವಾರ್ತೆಯನ್ನ ದೇವರ "ಬಲ" ಅಂತ ಕರೆದಿದೆ, ಅದಕ್ಕೆ ಮೂಲ ಗ್ರೀಕಲ್ಲಿರೋ ಪದ ದುನಾಮಿಸ್, ಡೈನಮೈಟ್ ಅನ್ನೋ ಹೆಸರು ಅದರಿಂದಲೇ ಬಂದಿದ್ದು, ಹಾಗಾಗಿ ಸುವಾರ್ತೆ ಅಂದ್ರೆ ಬಂಡೆ ಸೀಳೋ ಸಿಡಿಮದ್ದು ಅಂತ ಜೋರಾಗಿ ಹೇಳಿಬಿಟ್ಟೆ, ಎಲ್ಲೋ ಕೇಳಿದ್ದು, ಕೇಳೋಕೂ ಚೆನ್ನಾಗಿತ್ತು. ಮುಗಿದ ಮೇಲೆ ಹಿರಿಯರೊಬ್ಬರು ಹತ್ರ ಬಂದು "ಪೌಲ ಬರೀವಾಗ ಡೈನಮೈಟ್ ಎಲ್ಲಿತ್ತು ತಮ್ಮಾ?" ಅಂತ ಮೆಲ್ಲಗೆ ಕೇಳಿದ್ರು. ನೊಬೆಲ್ ಡೈನಮೈಟ್ ಕಂಡುಹಿಡಿದು ಆ ಹೆಸರು ಇಟ್ಟಿದ್ದು 1867ರಲ್ಲಿ. ಆ ಬಲ ಏನು ಮಾಡುತ್ತೆ ಅಂತ ಅದೇ ವಚನದಲ್ಲಿ ಇದೆ, ನಂಬೋ ಪ್ರತಿಯೊಬ್ಬರನ್ನೂ ರಕ್ಷಿಸುತ್ತೆ. ವಚನ ಹೇಳಿದ್ದನ್ನ ಬಿಟ್ಟು ನಾನು ಬೇರೇನನ್ನೋ ಪೌಲನ ಬಾಯಲ್ಲಿ ಇಟ್ಟಿದ್ದೆ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ನನ್ನ ಹತ್ರ ಟೂಲ್ಸ್‌ಗೇನೂ ಕಮ್ಮಿ ಇರ್ಲಿಲ್ಲ. ಫೋನಲ್ಲಿ ಬ್ಲೂ ಲೆಟರ್ ಬೈಬಲ್, ಲ್ಯಾಪ್‌ಟಾಪಲ್ಲಿ ಇ-ಸ್ವೋರ್ಡ್ (ಎರಡೂ ಬೈಬಲ್ ಓದೋ ಆ್ಯಪು), ಮೂರು ಕಾಮೆಂಟರಿ, ಅಂದ್ರೆ ವ್ಯಾಖ್ಯಾನ ಪುಸ್ತಕ. ತಪ್ಪು ಇದ್ದಿದ್ದು ಕ್ರಮದಲ್ಲಿ. ಒಂದು ವಚನ ತಗೊಳ್ಳೋದು, ಪದದ ಮೇಲೆ ಒತ್ತೋದು, ಅದರ ಅರ್ಥಗಳ ಪಟ್ಟಿಯಲ್ಲಿ ನನಗೆ ಹಿಡಿಸಿದ್ದನ್ನ ಆರಿಸೋದು, ಅದನ್ನೇ "ಮೂಲ ಭಾಷೇಲಿ ಹೀಗಿದೆ" ಅಂತ ಹೇಳೋದು. ಮೂಲ ಭಾಷೆಯ ಪ್ರತಿ ಪದಕ್ಕೂ ಕೊಟ್ಟಿರೋ ಸ್ಟ್ರಾಂಗ್ಸ್ ನಂಬರ್ ಅಂತ ಎಲ್ಲರೂ ಬಳಸ್ತೀವಲ್ಲ, ಅದು 1890ರಲ್ಲಿ ಬಂದ ಕನ್ಕಾರ್ಡೆನ್ಸಿನದು (ಬೈಬಲಿನ ಪದಸೂಚಿ), ಒಂದು ಪದ ಎಲ್ಲೆಲ್ಲಿ ಬರುತ್ತೆ ಅಂತ ಹುಡುಕೋಕೆ ಅದರಷ್ಟು ಉಪಕಾರಿ ಬೇರೆ ಇಲ್ಲ, ಆದ್ರೆ ಈ ವಾಕ್ಯದಲ್ಲಿ ಈ ಪದಕ್ಕೆ ಯಾವ ಅರ್ಥ ಅಂತ ಅದು ತೀರ್ಮಾನ ಮಾಡಲ್ಲ, ಅದನ್ನ ಆ ವಾಕ್ಯವೇ ಮಾಡ್ಬೇಕು.

ಅದಕ್ಕೇ ಒಂದು ತಿಂಗಳು ಚಿಕ್ಕ ಪುಸ್ತಕ ಒಂದನ್ನ ಮಾತ್ರ ಓದೋಣ ಅಂತ ಬೈಬಲಿನ ಹಳೆ ಒಡಂಬಡಿಕೆಯಲ್ಲಿರೋ ರೂತಳ ಪುಸ್ತಕ ಹಿಡಿದೆ. ನಾಲ್ಕು ಅಧ್ಯಾಯ, 85 ವಚನ, ನಿಧಾನಕ್ಕೆ ಓದಿದ್ರೂ ಅರ್ಧ ಗಂಟೆ ಸಾಕು. ಮೊದಲ ವಾರ ಪೂರ್ತಿ ಯಾವ ಆ್ಯಪೂ ತೆಗೀಲಿಲ್ಲ, ದಿನಾ ಒಂದೇ ಸಲ ಕೂತು ಮೊದಲಿಂದ ಕೊನೇವರೆಗೂ ಓದೋದು. ವಚನಗಳನ್ನ ಟೈಪ್ ಮಾಡಿ, ಅಧ್ಯಾಯದ ನಂಬರು, ವಚನದ ನಂಬರು, ನಡುವೆ ಹಾಕಿರೋ ತಲೆಬರಹ ಎಲ್ಲಾ ತೆಗೆದು ಪ್ರಿಂಟ್ ಹಾಕಿಕೊಂಡೆ. ಆ ನಂಬರುಗಳು ಬರೆದವರು ಹಾಕಿದ್ದಲ್ಲ, ಈಗಿರೋ ಅಧ್ಯಾಯಗಳು 13ನೇ ಶತಮಾನದ ಶುರುವಿನವು, ಹೊಸ ಒಡಂಬಡಿಕೆಗೆ ಈಗಿರೋ ವಚನ ನಂಬರು ಬಂದಿದ್ದು 1551ರಲ್ಲಿ. ಕೆಲವು ಕಡೆ ಮಾತು ಇನ್ನೂ ನಡೀತಿರುವಾಗಲೇ ಅಧ್ಯಾಯ ಮುರಿದುಹೋಗುತ್ತೆ, 1 ಕೊರಿಂಥ 11:1 ನೋಡಿ, ಅದು ಹತ್ತನೇ ಅಧ್ಯಾಯದ ಕೊನೇ ಮಾತು.

ನಾಲ್ಕನೇ ದಿನವೋ ಐದನೇ ದಿನವೋ ಓದುವಾಗ ಒಂದು ಕಡೆ ಕೈ ನಿಂತುಬಿಡ್ತು. ಮೊದಲ ಅಧ್ಯಾಯದಲ್ಲಿ ರೂತಳ ಅತ್ತೆ ನೊವೊಮಿ ಗಂಡನನ್ನ, ಇಬ್ಬರು ಮಕ್ಕಳನ್ನ ಕಳ್ಕೊಂಡು, ವಿಧವೆ ಸೊಸೆ ರೂತಳ ಜೊತೆ ಊರಿಗೆ ಬಂದು, ತುಂಬಿದವಳಾಗಿ ಹೋದೆ, ಬರಿಗೈಯಲ್ಲಿ ಬಂದೆ ಅಂತ ಗೋಳಾಡ್ತಾಳೆ. ಮೂರನೇ ಅಧ್ಯಾಯದ ಕೊನೇಲಿ ನೊವೊಮಿ ಗಂಡನ ಸಂಬಂಧಿ ಬೋವಜ ರೂತಳ ಮೇಲ್ಹೊದಿಕೆಗೆ ಆರು ಅಳತೆ ಜವೆಗೋಧಿ ಹಾಕಿ, ಅತ್ತೆ ಹತ್ರ ಬರಿಗೈಯಲ್ಲಿ ಹೋಗ್ಬೇಡ ಅಂತಾನೆ. ಎರಡೂ ಕಡೆ ಪೆನ್ಸಿಲ್ ಗುರುತು ಹಾಕಿ, "ಒಂದೇ ಪದನಾ?" ಅಂತ ಪಕ್ಕದಲ್ಲಿ ಬರೆದಿಟ್ಟೆ. ಇಂಥ ಪ್ರಶ್ನೆ ಆ ವಾರ ಹತ್ತೊಂಬತ್ತು ಆಯ್ತು.

ಎರಡನೇ ವಾರ ಸ್ಟೆಪ್ ಬೈಬಲ್ ತೆಗೆದೆ (ಫ್ರೀ, ಹೀಬ್ರೂ ಗ್ರೀಕ್ ಗೊತ್ತಿಲ್ಲದವರೂ ಬಳಸಬಹುದು). 1:21, 3:17, ಎರಡರಲ್ಲೂ ರೇಕಾಮ್, ಒಂದೇ ಪದ. ನೊವೊಮಿ ಅಳ್ತಾ ಹೇಳಿದ ಮಾತಿಗೆ ಎರಡು ಅಧ್ಯಾಯ ದಾಟಿ ಬೋವಜನ ಬಾಯಲ್ಲಿ ಉತ್ತರ ಬಂದಿದೆ ಅಂತ ಕಂಡಾಗ ನಿಜವಾಗ್ಲೂ ಕಣ್ಣು ತುಂಬಿ ಬಂತು. ಇನ್ನೊಂದು, ಇದು ಅನುವಾದದಲ್ಲಿ ಸುಲಭಕ್ಕೆ ಕಾಣಲ್ಲ. 2:12ರಲ್ಲಿ ಬೋವಜ ರೂತಳಿಗೆ, ನೀನು ಇಸ್ರಾಯೇಲ್ ದೇವರ ರೆಕ್ಕೆಗಳ ಕೆಳಗೆ ಆಶ್ರಯ ಹುಡುಕ್ಕೊಂಡು ಬಂದೆ, ಆತ ನಿನಗೆ ಪೂರ್ತಿ ಪ್ರತಿಫಲ ಕೊಡಲಿ ಅಂತ ಹರಸ್ತಾನೆ. 3:9ರಲ್ಲಿ ಕಣದಲ್ಲಿ ರಾತ್ರಿ ರೂತಳು ಅವನಿಗೆ, ನಿನ್ನ ಬಟ್ಟೆ ಅಂಚನ್ನ ನನ್ನ ಮೇಲೆ ಹಾಕು ಅಂತಾಳೆ. ರೆಕ್ಕೆಗೂ ಬಟ್ಟೆ ಅಂಚಿಗೂ ಹೀಬ್ರೂನಲ್ಲಿ ಒಂದೇ ಪದ, ಕಾನಾಫ್. ಅಂದ್ರೆ ಅವಳು ಅವನ ಪ್ರಾರ್ಥನೆಯನ್ನ ಅವನ ಕೈಗೇ ವಾಪಸ್ ಕೊಡ್ತಿದಾಳೆ, ನೀನು ಹೇಳಿದ ಆ ರೆಕ್ಕೆ ನೀನೇ ಆಗು ಅಂತ. ಇದೂ ಪದದ ಮೇಲೆ ಒತ್ತಿಯೇ ಸಿಕ್ಕಿದ್ದು, ಆದ್ರೆ ಡೈನಮೈಟ್ ತರ ಹೊರಗಿಂದ ತಂದಿದ್ದಲ್ಲ, ಎರಡು ತುದೀನೂ ಅದೇ ಕಥೆ ಒಳಗಿವೆ.

ಹೆಸೆದ್ ಅನ್ನೋ ಪದಾನೂ ಹಾಗೇ ಹಿಡಿದು ಹೋದೆ, 1:8, 2:20, 3:10 ಮೂರು ಕಡೆ ಇದೆ. ದಯೆ, ಕೃಪೆ, ನಿಷ್ಠೆ, ಬಿಟ್ಟುಹೋಗದ ಪ್ರೀತಿ, ಒಂದೇ ಕನ್ನಡ ಪದದಲ್ಲಿ ಅದು ಹಿಡಿಸಲ್ಲ, ಮೂರು ಜಾಗ ಪಕ್ಕಪಕ್ಕ ಇಟ್ಟು ಯಾರು ಯಾರಿಗೆ ತೋರಿಸಿದ್ರು ಅಂತ ನೋಡಿದ್ರೆನೇ ಅರ್ಥ ಬಲಿಯುತ್ತೆ.

ಮೂರನೇ ವಾರ ಹಿನ್ನೆಲೆಗೆ. ಯಾಜಕಕಾಂಡ 25ರಲ್ಲಿ ಬಡತನಕ್ಕೆ ಬಿದ್ದವನ ಜಮೀನನ್ನ ಹತ್ತಿರದ ಸಂಬಂಧಿ ಬಿಡಿಸ್ಕೊಳ್ಳೋ ನಿಯಮ, ಧರ್ಮೋಪದೇಶಕಾಂಡ 25ರಲ್ಲಿ ಸತ್ತ ಅಣ್ಣತಮ್ಮನ ಹೆಸರು ಉಳಿಸೋ ನಿಯಮ, ಇವೆರಡನ್ನ ಓದದೆ ನಾಲ್ಕನೇ ಅಧ್ಯಾಯದ ಊರಬಾಗಿಲ ಪಂಚಾಯ್ತಿ, ಅಲ್ಲಿ ಬೋವಜನಿಗಿಂತ ಹತ್ತಿರದ ಸಂಬಂಧಿ ತನ್ನ ಹಕ್ಕು ಬಿಟ್ಟು ಕೆರ ಬಿಚ್ಚಿ ಕೊಡೋದು ಅರ್ಥ ಆಗಲ್ಲ. ಕಾಮೆಂಟರಿ ನಾಲ್ಕನೇ ವಾರಕ್ಕೆ. ಅಷ್ಟೊತ್ತಿಗೆ ನನ್ನ ಹತ್ರ ಪ್ರಶ್ನೆಗಳಿದ್ವು, ಹಾಗಾಗಿ ಅವರು ಹೇಳಿದ್ದೆಲ್ಲಾ ನುಂಗೋದು ತಪ್ಪಿತು, ಈ ಎರಡು ನಿಯಮ ಬೋವಜನ ವಿಷಯದಲ್ಲಿ ಹೇಗೆ ಸೇರ್ತಾವೆ ಅನ್ನೋದ್ರಲ್ಲಿ ಪಂಡಿತರಲ್ಲೇ ಒಮ್ಮತ ಇಲ್ಲ ಅಂತಾನೂ ಕಂಡಿತು.

ಕನ್ನಡದಲ್ಲಿ ಓದೋರಿಗೆ ಒಂದು ಮಾತು ಹೇಳ್ಲೇಬೇಕು. ಇಂಗ್ಲಿಷಲ್ಲಿ ಓದಿದ್ರೇನೇ ಆಳ ಅಂತ ನಾನೂ ಅಂದ್ಕೊಂಡಿದ್ದೆ. ಈಗಿನ ಇಂಗ್ಲಿಷಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ, ನಮ್ಮಲ್ಲಿ ಬೇರೆ ಬೇರೆ. ಲೂಕ 22:31-32ರಲ್ಲಿ ಯೇಸು ಸೀಮೋನನಿಗೆ, ಸೈತಾನ ನಿಮ್ಮನ್ನ ಜರಡಿ ಹಿಡಿಯೋಕೆ ಕೇಳ್ಕೊಂಡ, ಆದ್ರೆ ನಾನು ನಿನಗೋಸ್ಕರ ಬೇಡ್ಕೊಂಡೆ ಅಂತಾನೆ. ನಿಮ್ಮನ್ನ ಅಂದಾಗ ಶಿಷ್ಯರೆಲ್ಲರೂ, ನಿನಗೋಸ್ಕರ ಅಂದಾಗ ಸೀಮೋನ ಒಬ್ಬನೇ, ಗ್ರೀಕಲ್ಲೂ ಹಾಗೇ ಇದೆ. ಎಲ್ಲರೂ ಇಷ್ಟಪಡೋ ಯೆರೆಮೀಯ 29:11 (ನಿಮಗೆ ಒಳ್ಳೇ ಭವಿಷ್ಯ, ನಿರೀಕ್ಷೆ ಕೊಡೋ ಯೋಚನೆ ನನಗಿದೆ ಅಂತ ದೇವರು ಹೇಳೋ ವಚನ) ಕೂಡ "ನಿಮ್ಮ" ವಿಷಯದಲ್ಲಿ ಹೇಳಿದ್ದು, ಬಾಬಿಲೋನಿಗೆ ಸೆರೆ ಹೋದ ಇಡೀ ಜನಕ್ಕೆ ಬರೆದ ಪತ್ರ ಅದು, ಅದರ ಹಿಂದಿನ ವಚನದಲ್ಲೇ 70 ವರ್ಷ ಆದ ಮೇಲೆ ವಾಪಸ್ ಕರ್ಕೊಂಡು ಬರ್ತೀನಿ ಅಂತಿದೆ. ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತೆ ಅಂತ ಹೇಳಿದ್ದು 28ನೇ ಅಧ್ಯಾಯದ ಸುಳ್ಳು ಪ್ರವಾದಿ ಹನನ್ಯ. ಕಾರ್ಡ್ ಮೇಲೆ ಆ ವಚನ ಬರೆದು ಕೊಡುವಾಗ ನಾನೀಗ 10ನೇ ವಚನಾನೂ ಸೇರಿಸೇ ಬರೀತೀನಿ, ಬೇಗ ಮುಗಿಯದ ಕಷ್ಟದಲ್ಲಿರೋರಿಗೆ ಅದು ಜಾಸ್ತಿ ಆಸರೆ ಕೊಡುತ್ತೆ.

ಈಗ ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರ ಹಿಡಿದಿದೀನಿ, ಇದು ಎರಡನೇ ವಾರ. 4:2ರಲ್ಲಿ ಯುವೊದ್ಯ, ಸಂತುಕೆ ಅನ್ನೋ ಇಬ್ಬರು ಹೆಂಗಸರಿಗೆ ಒಂದೇ ಮನಸ್ಸಿಂದಿರಿ ಅಂತ ಪೌಲ ಬೇಡ್ಕೊಳ್ತಾನೆ, ಆ ಜಾಗಕ್ಕೆ ಹಾಕಿದ ಪೆನ್ಸಿಲ್ ಗುರುತು 2:2ಕ್ಕೂ ಹಾಕಿದ್ದೆ. ನಿನ್ನೆ ಗ್ರೀಕ್ ತೆಗೆದು ನೋಡಿದೆ, ಎರಡು ಕಡೇನೂ ಅದೇ ಮಾತು. ಹಾಗಾಗಿ ಕ್ರಿಸ್ತ ತನ್ನನ್ನ ಬರಿದು ಮಾಡ್ಕೊಂಡ ಅನ್ನೋ ಎರಡನೇ ಅಧ್ಯಾಯವನ್ನ ಇವತ್ತು ಬೆಳಿಗ್ಗೆ, ಆ ಪತ್ರವನ್ನ ಫಿಲಿಪ್ಪಿಯ ಸಭೇಲಿ ಗಟ್ಟಿಯಾಗಿ ಓದಿದ ದಿನ ಆ ಇಬ್ಬರೂ ಅಲ್ಲೇ ಕೂತು ಕೇಳ್ತಿದ್ದಾರೆ ಅಂತ ಇಟ್ಕೊಂಡು ಮತ್ತೆ ಮೊದಲಿಂದ ಓದಿದೆ.